ಹಸುರು ಪತ್ರವೂ ‘ತೃತೀಯ’ ಶಬ್ದವೂ: ಒಂದು ತಾತ್ಪರ್ಯವಿಚಾರ

೧

ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಉಪಕ್ರಮ, ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ ಮೊದಲಾದ ಲಿಂಗಗಳನ್ನು ಪ್ರಾಚೀನರು ಹೇಳಿರುವರು. ಗ್ರಂಥದ ಆರಂಭವೂ ಮುಕ್ತಾಯವೂ ಒಂದನ್ನೊಂದು ಅನುಮೋದಿಸಿದರೆ ವಿವಾದಕ್ಕೆ ಎಡೆಯಿಲ್ಲ. ಅವೆರಡೂ ಬೇರೆ ಬೇರೆ ದಾರಿ ಹಿಡಿದಾಗ ಯಾವುದು ಪ್ರಬಲವೆಂಬ ಪ್ರಶ್ನೆ ಏಳುವುದು. ಈ ವಿಷಯದಲ್ಲಿ ಹದಿನಾರನೆಯ ಶತಮಾನದಲ್ಲಿ ನಡೆದ ವಾದವು ಪಂಡಿತರಿಗೆ ವಿದಿತವೇ ಆಗಿದೆ. ಅಪ್ಪಯ್ಯ ದೀಕ್ಷಿತರು ‘ಉಪಕ್ರಮಪರಾಕ್ರಮ’ವೆಂಬ ಗ್ರಂಥದಲ್ಲಿ ಆರಂಭಕ್ಕೇ ಬಲವೆಂದು ಪ್ರತಿಪಾದಿಸಿದರು, ಮಾಧ್ವಸಂಪ್ರದಾಯದ ವಿಜಯೀಂದ್ರತೀರ್ಥರು ‘ಉಪಸಂಹಾರವಿಜಯ’ವನ್ನು ರಚಿಸಿ ಮುಕ್ತಾಯದ ಪಕ್ಷವನ್ನು ಸಮರ್ಥಿಸಿದರು.

ಈ ವಿಚಾರವು ಶ್ರುತಿವಾಕ್ಯಗಳಿಗೆ ಮಾತ್ರ ಸಲ್ಲತಕ್ಕುದೆಂದು ಭಾವಿಸಬೇಕಾಗಿಲ್ಲ. ಬಹುಕಾಲ ಬೆಳೆದುಬಂದ ಶಾಸನಗಳ ಸಮುಚ್ಚಯವನ್ನು ಓದುವಾಗಲೂ ಇದೇ ತೊಡಕು ಎದುರಾಗುವುದು. ಅಂತಹ ಒಂದು ಸಮುಚ್ಚಯವು ಯೂರೋಪು ಖಂಡದಲ್ಲಿದೆ. ಒಂದು ದೇಶದ ಮೋಟಾರು ಗಾಡಿ ಮತ್ತೊಂದು ದೇಶದ ರಸ್ತೆಯಲ್ಲಿ ಯಾರಿಗಾದರೂ ಪೆಟ್ಟುಮಾಡಿದರೆ, ಆ ಗಾಯಾಳುವಿಗೆ ಅವನ ದೇಶದಲ್ಲಿಯೇ ಪರಿಹಾರ ದೊರೆಯುವಂತೆ ಮಾಡಿದ ವ್ಯವಸ್ಥೆ ಅದು. ಗಾಡಿಯ ಯಜಮಾನನ ಕೈಯಲ್ಲಿರುತ್ತಿದ್ದ ಅಂತರರಾಷ್ಟ್ರೀಯ ವಿಮಾಪತ್ರದ ಬಣ್ಣದಿಂದ ಅದಕ್ಕೆ ಹಸುರು ಪತ್ರದ ಪದ್ಧತಿಯೆಂದು ಹೆಸರಾಯಿತು. ೧೯೪೯ರಿಂದ ೨೦೨೧ರವರೆಗೆ ಈ ವಿಷಯದಲ್ಲಿ ಹುಟ್ಟಿದ ಶಿಫಾರಸು, ಒಪ್ಪಂದ, ನಿರ್ದೇಶಶಾಸನಗಳನ್ನು ಒಂದೇ ಗ್ರಂಥದ ಅಧ್ಯಾಯಗಳಂತೆ ಓದಿದರೆ, ಆರಂಭದಲ್ಲಿ ಸಂಚಾರಸೌಕರ್ಯವೂ ಮುಕ್ತಾಯದಲ್ಲಿ ಗಾಯಾಳುವಿನ ರಕ್ಷಣೆಯೂ ಪ್ರಧಾನವಾಗಿ ಕಾಣುವುವು. ಇವೆರಡರಲ್ಲಿ ತಾತ್ಪರ್ಯ ಯಾವುದು ಎಂಬುದೇ ಪ್ರಕೃತ ವಿಚಾರ. ಇದಕ್ಕೆ ಕೀಲಿಕೈಯಾಗಿ ಒಂದು ಶಬ್ದವನ್ನು ಹಿಡಿಯಬಹುದು: ಲೋಕದಲ್ಲಿ ‘ಥರ್ಡ್ ಪಾರ್ಟಿ’ ಎಂದು ರೂಢವಾಗಿರುವ ‘ತೃತೀಯ’ ಶಬ್ದ.

೨

ವಿಮೆಯೆಂಬುದು ಒಂದು ಕರಾರು. ಅದರಲ್ಲಿ ಕಂತು ಕಟ್ಟುವವನು ಒಬ್ಬನು, ಹಣ ಕೊಡುವೆನೆಂದು ಮಾತುಕೊಟ್ಟ ಕಂಪೆನಿ ಇನ್ನೊಂದು. ಇವರಿಬ್ಬರನ್ನು ಎಣಿಸಿದ ಮೇಲೆ ಉಳಿದವನು ಮೂರನೆಯವನು. ಗಾಡಿಯ ಕೆಳಗೆ ಬಿದ್ದು ಕಾಲು ಮುರಿದುಕೊಂಡವನಿಗೆ ಈ ಎಣಿಕೆಯಲ್ಲಿ ದೊರೆತ ಸ್ಥಾನವಿದು. ಅವನು ಕರಾರಿಗೆ ಸಹಿ ಹಾಕಿದವನಲ್ಲ. ಹೀಗಾಗಿ ಕರಾರಿನ ಹಣದ ಮೇಲೆ ಅವನಿಗೆ ನೇರವಾದ ಹಕ್ಕೂ ಇರಲಿಲ್ಲ.

ಇದು ಬರಿಯ ಶಬ್ದದ ಮಾತಲ್ಲವೆಂಬುದಕ್ಕೆ ಇಂಗ್ಲೆಂಡಿನ ಇತಿಹಾಸವೇ ನಿದರ್ಶನ. ೧೯೩೦ಕ್ಕಿಂತ ಮುಂಚೆ ಆ ದೇಶದಲ್ಲಿ ವಿಮೆಯುಳ್ಳ ಗಾಡಿಯ ಯಜಮಾನನು ದಿವಾಳಿಯಾದರೆ, ಅಪಘಾತಕ್ಕಾಗಿ ಕಂಪೆನಿ ಕೊಟ್ಟ ಹಣವು ಅವನ ಆಸ್ತಿಯೊಂದಿಗೆ ಸೇರಿ ಎಲ್ಲ ಸಾಲಗಾರರಿಗೂ ಹಂಚಿಹೋಗುತ್ತಿತ್ತು. ಗಾಯಾಳು ಆ ಸಾಲಗಾರರ ಸಾಲಿನಲ್ಲಿ ನಿಂತು ತನ್ನ ಪಾಲಿಗೆ ಬಂದುದನ್ನು ತೆಗೆದುಕೊಳ್ಳಬೇಕಾಗಿತ್ತು. ಮುರಿದ ಕಾಲು ಅವನದು. ಆ ಕಾಲಿಗಾಗಿ ಬಂದ ಹಣದಲ್ಲಿ ಬಟ್ಟೆಯಂಗಡಿಯವನಿಗೂ ಪಾಲು. ಈ ಅನ್ಯಾಯವನ್ನು ಕಂಡು ೧೯೩೦ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮೂರನೆಯವರ ಹಕ್ಕಿನ ಶಾಸನವನ್ನು ಮಾಡಿ, ದಿವಾಳಿಯಾದವನ ವಿಮಾಹಕ್ಕು ಗಾಯಾಳುವಿಗೆ ಸಂಕ್ರಮಿಸುವಂತೆ ವಿಧಿಸಿತು. ಅದೇ ವರ್ಷದ ರಸ್ತೆಸಂಚಾರ ಶಾಸನವು ಮೋಟಾರು ವಿಮೆಯನ್ನು ಕಡ್ಡಾಯಗೊಳಿಸಿತು. ಅದು ೧೯೩೧ರ ಜನವರಿಯಿಂದ ಜಾರಿಗೆ ಬಂದಿತು. ೧೯೩೪ರ ಶಾಸನವು ನ್ಯಾಯಾಲಯದ ತೀರ್ಪಿನ ಹಣವನ್ನು ಕಂಪೆನಿಯೇ ಗಾಯಾಳುವಿಗೆ ತೆರಬೇಕೆಂದು, ಕೆಲವು ಅಪವಾದಗಳೊಡನೆ, ಕಟ್ಟುಮಾಡಿತು. ವಿಮೆಯೇ ಇಲ್ಲದ ಗಾಡಿಯಿಂದ ಪೆಟ್ಟು ತಿಂದವರಿಗಾಗಿ ೧೯೪೬ರಲ್ಲಿ ವಿಮಾ ಕಂಪೆನಿಗಳೇ ಕೂಡಿ ಮೋಟಾರು ವಿಮಾದಾರರ ಬ್ಯೂರೋವನ್ನು ಸ್ಥಾಪಿಸಿದುವು.

ಹದಿನಾರು ವರ್ಷಗಳಲ್ಲಿ ಇಷ್ಟು ದೂರ ನಡೆದರೂ ‘ತೃತೀಯ’ ಎಂಬ ಹೆಸರು ಬದಲಾಗಲಿಲ್ಲ. ಇಲ್ಲಿ ವೈಯಾಕರಣರ ಪರಿಭಾಷೆಯನ್ನು ನೆನೆಯಬಹುದು. ಆಡುವವನೂ ಕೇಳುವವನೂ ಅಲ್ಲದೆ ಹೊರಗಿರುವವನನ್ನು ಇಂಗ್ಲಿಷ್ ವ್ಯಾಕರಣವು ಮೂರನೆಯ ಪುರುಷನೆಂದು ಕರೆಯುವುದು. ಸಂಸ್ಕೃತ ವೈಯಾಕರಣರೂ ಅವರನ್ನನುಸರಿಸಿ ಕನ್ನಡದವರೂ ಅವನನ್ನೇ ಪ್ರಥಮಪುರುಷನೆನ್ನುವರು. ವ್ಯಾಕರಣದ ಸಂಜ್ಞೆಯಿಂದ ನ್ಯಾಯನಿರ್ಣಯವಾಗದು, ನಿಜ. ಆದರೆ ಒಬ್ಬನೇ ಮನುಷ್ಯನು ಒಂದು ಎಣಿಕೆಯಲ್ಲಿ ಮೊದಲನೆಯವನೂ ಇನ್ನೊಂದರಲ್ಲಿ ಮೂರನೆಯವನೂ ಆಗಬಲ್ಲನೆಂಬುದೂ, ಆ ಎಣಿಕೆಯು ಎಣಿಸುವವನು ನಿಂತ ನೆಲೆಯನ್ನು ಅವಲಂಬಿಸಿರುವುದೆಂಬುದೂ ಇದರಿಂದ ಸ್ಪಷ್ಟವಾಗುವುದು. ‘ತೃತೀಯ’ ಎಂಬುದು ಕರಾರಿನ ಕಡೆಯಿಂದ ನೋಡಿ ಇಟ್ಟ ಹೆಸರು.

೩

ಗಾಡಿಯಿಂದಾಗುವ ಹಿಂಸೆಯ ವಿಚಾರವು ನಮ್ಮ ಧರ್ಮಶಾಸ್ತ್ರಗಳಿಗೂ ಹೊಸದಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಯಾನದ ವಿಷಯವಾಗಿ ದಂಡವಿಲ್ಲದ ಹತ್ತು ಸಂದರ್ಭಗಳು ಹೇಳಲ್ಪಟ್ಟಿವೆ: ಮೂಗುದಾರ ಹರಿದುದು, ನೊಗ ಮುರಿದುದು, ಅಚ್ಚು ಅಥವಾ ಚಕ್ರ ಮುರಿದುದು, ದಾರಿ ಬಿಡೆಂದು ಸಾರಥಿಯು ಕೂಗಿದುದು ಇತ್ಯಾದಿ. ಮಿಕ್ಕ ಕಡೆ ದಂಡವುಂಟು. ಸಾರಥಿಯ ಅಕುಶಲತೆಯಿಂದ ಗಾಡಿ ದಾರಿ ತಪ್ಪಿ ಹಿಂಸೆಯಾದರೆ ಯಜಮಾನನಿಗೆ ಇನ್ನೂರು ಪಣ. ಸಾರಥಿಯು ನುರಿತವನಾಗಿದ್ದರೆ ದಂಡವು ಅವನಿಗೇ. ಸಾರಥಿಯು ನುರಿತವನಲ್ಲವಾದರೆ ಗಾಡಿಯಲ್ಲಿ ಕುಳಿತವರಿಗೂ ತಲಾ ನೂರು ಪಣ. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಇದೇ ಜಾತಿಯ ವಿಧಿಗಳಿವೆ. ಆ ಸ್ಮೃತಿಗೆ ಕಲ್ಯಾಣದ ಚಾಲುಕ್ಯರ ರಾಜಧಾನಿಯಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯು ಶತಮಾನಗಳ ಕಾಲ ವ್ಯವಹಾರನಿರ್ಣಯಕ್ಕೆ ಆಧಾರವಾಗಿ ನಿಂತಿತು.

ಈ ವಿಧಿಗಳು ಸೂಕ್ಷ್ಮವಾದುವು. ಯಂತ್ರದೋಷ, ಸಾರಥಿಯ ದೋಷ, ನುರಿಯದವನನ್ನು ನೇಮಿಸಿದ ಯಜಮಾನನ ದೋಷ, ಇವು ಬೇರೆ ಬೇರೆಯಾಗಿ ವಿಂಗಡಿಸಲ್ಪಟ್ಟಿವೆ. ಆದರೆ ಪ್ರಶ್ನೆಯು ಉದ್ದಕ್ಕೂ ‘ದಂಡ್ಯನು ಯಾರು?’ ಎಂಬುದೇ. ಗಾಯಗೊಂಡವನ ಚಿಕಿತ್ಸೆಯ ವೆಚ್ಚಕ್ಕೆ ‘ಸಮುತ್ಥಾನವ್ಯಯ’ವೆಂದು ಹೆಸರಿಟ್ಟು, ಅದನ್ನು ಪೆಟ್ಟು ಕೊಟ್ಟವನಿಂದ ಕೊಡಿಸಬೇಕೆಂದು ಸ್ಮೃತಿಕಾರರು ವಿಧಿಸಿರುವುದು ಪ್ರಶಂಸನೀಯವೇ, ಬಿದ್ದವನು ಮತ್ತೆ ಎದ್ದುನಿಲ್ಲುವವರೆಗಿನ ಖರ್ಚು ಎಂಬ ಅರ್ಥವು ಆ ಶಬ್ದದಲ್ಲಿಯೇ ಅಡಗಿದೆ. ಆದರೂ ಕೊಡತಕ್ಕವನು ದರಿದ್ರನಾದರೆ, ಓಡಿಹೋದರೆ, ಅಥವಾ ಬೇರೊಬ್ಬ ಅರಸನ ನಾಡಿನವನಾದರೆ ಬಿದ್ದವನ ಗತಿಯೇನೆಂಬ ಪ್ರಶ್ನೆಗೆ ದಂಡವಿಧಿಯಲ್ಲಿ ಉತ್ತರವಿಲ್ಲ. ಆಧುನಿಕ ವಿಮಾಶಾಸನಗಳ ಅಪೂರ್ವತೆಯು ಇಲ್ಲಿದೆ. ದೋಷವಿಚಾರವನ್ನು ಅವು ಕೈಬಿಡಲಿಲ್ಲ. ದೋಷಿಯ ಕೈಬರಿದಾದರೂ ಗಾಯಾಳುವಿನ ಕೈಬರಿದಾಗಬಾರದೆಂದು ಅದರೊಡನೆ ಸೇರಿಸಿದುವು.

೪

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಯೂರೋಪಿನ ರಸ್ತೆಗಳಲ್ಲಿ ಅನ್ಯದೇಶದ ಗಾಡಿಗಳ ಸಂಚಾರವು ಹೆಚ್ಚಿತು. ಆಗ ಕಡ್ಡಾಯ ವಿಮೆಯ ಶಾಸನಗಳು ಕೆಲವು ದೇಶಗಳಲ್ಲಿ ಇದ್ದುವು, ಕೆಲವುಗಳಲ್ಲಿ ಇರಲಿಲ್ಲ. ಫಿನ್ಲೆಂಡು ೧೯೨೫ರಲ್ಲಿಯೂ ಜರ್ಮನಿ ೧೯೩೯ರಲ್ಲಿಯೂ ಅಂತಹ ಶಾಸನವನ್ನು ಮಾಡಿದ್ದುವು. ಬೆಲ್ಜಿಯಂ ೧೯೫೬ರಲ್ಲಿ, ಫ್ರಾನ್ಸು ೧೯೫೮ರಲ್ಲಿ, ಇಟಲಿ ೧೯೬೯ರಲ್ಲಿ ಮಾಡಿದುವು. ಇದ್ದ ಕಡೆಯಲ್ಲಿಯೂ ವಿಮೆಯ ವ್ಯಾಪ್ತಿಯು ಒಂದೊಂದು ದೇಶಕ್ಕೆ ಒಂದೊಂದು ಬಗೆ. ಹೀಗಾಗಿ ಗಾಡಿಯವನು ಪ್ರತಿಯೊಂದು ಗಡಿಯಲ್ಲಿಯೂ ಹೊಸ ವಿಮೆಯನ್ನು ಕೊಳ್ಳಬೇಕಾಗುತ್ತಿತ್ತು.

ಈ ತೊಂದರೆಯನ್ನು ತಪ್ಪಿಸಲೆಂದು ವಿಶ್ವಸಂಸ್ಥೆಯ ಯೂರೋಪು ಆರ್ಥಿಕ ಆಯೋಗದ ರಸ್ತೆಸಾರಿಗೆಯ ಉಪಸಮಿತಿಯು ೧೯೪೯ನೆಯ ಜನವರಿ ೨೫ರಂದು ತನ್ನ ಐದನೆಯ ಶಿಫಾರಸನ್ನು ಅಂಗೀಕರಿಸಿತು. ಪ್ರತಿಯೊಂದು ದೇಶದಲ್ಲಿಯೂ ವಿಮಾ ಕಂಪೆನಿಗಳು ಕೂಡಿ ಸರ್ಕಾರದ ಮನ್ನಣೆಯುಳ್ಳ ಒಂದು ಬ್ಯೂರೋವನ್ನು ಕಟ್ಟಬೇಕು. ಆ ಬ್ಯೂರೋಗಳು ಪರಸ್ಪರ ಒಪ್ಪಂದ ಮಾಡಿಕೊಳ್ಳಬೇಕು. ಒಂದೇ ಮಾದರಿಯ ಪತ್ರವು ಎಲ್ಲೆಡೆಯೂ ಸಲ್ಲಬೇಕು, ಎಂಬುದು ಅದರ ಸಾರ. ಬ್ಯೂರೋಗಳ ಕೌನ್ಸಿಲು ಅದೇ ವರ್ಷ ಲಂಡನ್ನಿನಲ್ಲಿ ಸ್ಥಾಪಿತವಾಯಿತು. ೧೯೫೧ರಲ್ಲಿ ಬ್ಯೂರೋಗಳ ಏಕರೂಪ ಒಪ್ಪಂದವು ಸಿದ್ಧವಾಗಿ, ೧೯೫೩ನೆಯ ಜನವರಿ ೧ರಿಂದ ಪದ್ಧತಿಯು ನಡೆಗೆ ಬಂದಿತು.

ಅದರ ರೀತಿ ಹೀಗೆ: ಜರ್ಮನಿಯ ಗಾಡಿಯೊಂದು ಫ್ರಾನ್ಸಿನಲ್ಲಿ ಒಬ್ಬನನ್ನು ಗಾಯಗೊಳಿಸಿತೆಂದು ಇಟ್ಟುಕೊಳ್ಳೋಣ. ಗಾಯಾಳು ಜರ್ಮನಿಗೆ ಹೋಗಬೇಕಾಗಿಲ್ಲ; ತನ್ನ ದೇಶದ ಬ್ಯೂರೋವಿನ ಬಳಿಗೆ ಹೋದರೆ ಸಾಕು. ಆ ಬ್ಯೂರೋ ಫ್ರೆಂಚ್ ಕಾನೂನಿನಂತೆಯೇ ವಿಚಾರಿಸಿ, ಫ್ರೆಂಚ್ ಗಾಡಿಯೇ ಪೆಟ್ಟುಮಾಡಿದ್ದರೆ ಎಷ್ಟು ಸಲ್ಲುತ್ತಿತ್ತೋ ಅಷ್ಟನ್ನು ಕೊಡುವುದು. ಆಮೇಲೆ ಜರ್ಮನಿಯ ಕಂಪೆನಿಯಿಂದ ಹಣವನ್ನು ವಸೂಲುಮಾಡುವುದು. ಕಂಪೆನಿ ತಪ್ಪಿದರೆ ಜರ್ಮನಿಯ ಬ್ಯೂರೋ ಹೊಣೆ.

ಮೀಮಾಂಸಕರ ಮಾತಿನಲ್ಲಿ ಇದೊಂದು ಅತಿದೇಶ. ಪ್ರಕೃತಿಯಾಗದಲ್ಲಿ ಹೇಳಿದ ಅಂಗಗಳನ್ನು ವಿಕೃತಿಯಾಗಕ್ಕೆ ಒಯ್ಯುವಂತೆ, ಒಂದು ದೇಶದಲ್ಲಿ ಬರೆದ ಕರಾರಿಗೆ ಮತ್ತೊಂದು ದೇಶದ ಕಾನೂನಿನ ಅಂಗಗಳೆಲ್ಲವೂ ಒಯ್ಯಲ್ಪಡುತ್ತವೆ. ಪತ್ರದಲ್ಲಿ ಆ ಅಂಗಗಳು ಲಿಖಿತವಾಗಿಲ್ಲ; ಇವೆಯೆಂದು ಭಾವಿಸತಕ್ಕದ್ದು. ಈ ಭಾವನೆಗೆ ಬಲವು ಬ್ಯೂರೋಗಳ ಪರಸ್ಪರ ವಿಶ್ವಾಸದಿಂದಲೂ ಕಟ್ಟುಪಾಡಿನಿಂದಲೂ ಬಂದಿತು. ಈಗಿನ ನಿಯಮಾವಳಿಯಂತೆ, ಕೊಟ್ಟ ಬ್ಯೂರೋ ಹಣವನ್ನು ಕೇಳಿದ ಮೇಲೆ ಎರಡು ತಿಂಗಳೊಳಗೆ ಅದು ಸಲ್ಲದಿದ್ದರೆ ವರ್ಷಕ್ಕೆ ನೂರಕ್ಕೆ ೧೨ರಂತೆ ಬಡ್ಡಿ ಬೀಳುವುದು.

ಉಪಕ್ರಮವು ಯಾರ ಸಲುವಾಗಿ ಎಂದು ಈಗ ಕೇಳಬಹುದು. ಶಿಫಾರಸನ್ನು ಮಾಡಿದುದು ಸಾರಿಗೆಯ ಸಮಿತಿ. ಅದು ನಿವಾರಿಸಹೊರಟುದು ಗಡಿಯಲ್ಲಿ ನಿಲ್ಲುವ ಗಾಡಿಯವನ ತೊಂದರೆಯನ್ನು. ಗಾಯಾಳುವಿಗೆ ಲಭಿಸಿದುದು ಮಹತ್ತರವಾದರೂ, ಅದು ಪ್ರಯಾಣಿಕನ ಸೌಕರ್ಯಕ್ಕೆ ಅಂಗವಾಗಿಯೇ ಲಭಿಸಿತು.

೫

ಮುಂದಿನ ಅಧ್ಯಾಯಗಳಲ್ಲಿ ಅಂಗವು ಪ್ರಧಾನವಾಗುತ್ತ ಬಂದ ಕ್ರಮವನ್ನು ನೋಡಬೇಕು. ೧೯೫೯ರ ಏಪ್ರಿಲಿನಲ್ಲಿ ಯೂರೋಪು ಪರಿಷತ್ತಿನ ಆಶ್ರಯದಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಒಂದು ಒಡಂಬಡಿಕೆಯಾಗಿ, ಗಾಯಾಳುವು ಕಂಪೆನಿಯ ಮೇಲೆ ನೇರವಾಗಿ ದಾವೆ ಹೂಡುವ ಹಕ್ಕು ಅದರಲ್ಲಿ ಸೇರಿತು. ೧೯೭೨ನೆಯ ಏಪ್ರಿಲ್ ೨೪ರಂದು ಯೂರೋಪಿನ ಆರ್ಥಿಕ ಸಮುದಾಯವು ಮೋಟಾರು ವಿಮೆಯ ಮೊದಲನೆಯ ನಿರ್ದೇಶಶಾಸನವನ್ನು ಹೊರಡಿಸಿತು. ಸದಸ್ಯದೇಶಗಳ ನಡುವಿನ ಗಡಿಗಳಲ್ಲಿ ಹಸುರು ಪತ್ರದ ತಪಾಸಣೆಯು ಇದರಿಂದ ನಿಂತುಹೋಗಬೇಕಾಯಿತು. ೧೯೭೪ನೆಯ ಮೇ ೧೫ರಿಂದ ಅದು ಕಾರ್ಯತಃ ನಿಂತಿತು. ಪತ್ರದ ಸ್ಥಾನದಲ್ಲಿ ಗಾಡಿಯ ನಂಬರು ಫಲಕವೇ ಲಿಂಗವಾಯಿತು. ಫಲಕವು ಯಾವ ದೇಶದ್ದೋ ಗಾಡಿಯ ನೆಲೆ ಆ ದೇಶದಲ್ಲಿದೆಯೆಂದು ಭಾವಿಸಿ, ಆ ದೇಶದ ಬ್ಯೂರೋ ಹೊಣೆಯಾಗುವುದು. ಸುಳ್ಳು ಫಲಕವನ್ನು ಹಾಕಿಕೊಂಡು ಬಂದವನ ವಿಷಯದಲ್ಲಿ ಈ ಅನುಮಾನವು ಹೇತ್ವಾಭಾಸವಾಗುವುದಷ್ಟೆ. ೨೦೦೫ರ ಐದನೆಯ ಶಾಸನವು ಅಂತಹ ಗಾಡಿಯ ನೆಲೆ ಅಪಘಾತ ನಡೆದ ದೇಶದಲ್ಲಿಯೇ ಇದೆಯೆಂದು ಭಾವಿಸತಕ್ಕದ್ದೆಂದು ತಿದ್ದಿತು.

೧೯೭೨ರ ಶಾಸನದ ಪೀಠಿಕೆಯಲ್ಲಿ ಪ್ರಧಾನವಾಗಿರುವುದು ಜನರ ಮತ್ತು ಸರಕುಗಳ ಮುಕ್ತಸಂಚಾರ. ಆದರೆ ಅದರ ಪರಿಭಾಷಾಪ್ರಕರಣದಲ್ಲಿ ಒಂದು ಹೊಸ ಶಬ್ದವು ಕಾಣಿಸಿಕೊಂಡಿತು: ‘ಹಾನಿಗೊಂಡವನು’. ವಾಹನದಿಂದಾದ ನಷ್ಟಕ್ಕೆ ಪರಿಹಾರ ಪಡೆಯಲು ಅರ್ಹನಾದ ಯಾವನೇ ಆಗಲಿ ಅವನು ಹಾನಿಗೊಂಡವನೆಂದು ಅಲ್ಲಿ ಲಕ್ಷಣವನ್ನು ಹೇಳಿದೆ. ಈ ಹೆಸರಿನಲ್ಲಿ ಕರಾರಿನ ಎಣಿಕೆಯಿಲ್ಲ. ಅವನಿಗೆ ಆದುದೇ ಅವನ ಹೆಸರಾಗಿದೆ.

ಈ ಲಕ್ಷಣದ ಬಲವು ಅಭ್ಯಾಸದಿಂದ ಹೆಚ್ಚಿತು. ೧೯೮೩ರ ಎರಡನೆಯ ಶಾಸನವು, ಗುರುತು ಸಿಗದ ಮತ್ತು ವಿಮೆಯಿಲ್ಲದ ಗಾಡಿಗಳಿಂದ ಹಾನಿಗೊಂಡವರಿಗಾಗಿ ಪ್ರತಿಯೊಂದು ಸದಸ್ಯದೇಶವೂ ಒಂದು ಪರಿಹಾರಸಂಸ್ಥೆಯನ್ನು ಇಡಬೇಕೆಂದು ವಿಧಿಸಿತು. ಯಜಮಾನನ ಬಂಧುಗಳೆಂಬ ಕಾರಣದಿಂದ ಯಾರನ್ನೂ ಹೊರಗಿಡಬಾರದೆಂದಿತು. ೧೯೯೦ರ ಮೂರನೆಯದು ಚಾಲಕನ ಹೊರತು ಗಾಡಿಯಲ್ಲಿ ಕುಳಿತವರೆಲ್ಲರನ್ನೂ ರಕ್ಷಣೆಯೊಳಕ್ಕೆ ತಂದಿತು. ಮನುವು ನುರಿಯದ ಸಾರಥಿಯ ಗಾಡಿಯಲ್ಲಿ ಕುಳಿತವರನ್ನು ದಂಡ್ಯರ ಸಾಲಿನಲ್ಲಿಟ್ಟುದನ್ನು ನೆನೆದರೆ ಈ ಎರಡು ದೃಷ್ಟಿಗಳ ಅಂತರವು ತಿಳಿಯುವುದು.

೨೦೦೦ದ ನಾಲ್ಕನೆಯ ಶಾಸನವು ಭಾಷೆಯನ್ನೋದುವವರಿಗೆ ವಿಶೇಷ ಮನನೀಯವಾದುದು. ಹಸುರು ಪತ್ರವು ತನ್ನ ದೇಶದಲ್ಲಿ ಪರದೇಶದ ಗಾಡಿಯಿಂದ ಪೆಟ್ಟು ತಿಂದವನಿಗೆ ನೆರವಾಗಿತ್ತು. ಪರದೇಶಕ್ಕೆ ಹೋಗಿ ಅಲ್ಲಿ ಪೆಟ್ಟು ತಿಂದು ಮನೆಗೆ ಮರಳಿದವನಿಗೆ ಅದರಿಂದ ಪ್ರಯೋಜನವಿರಲಿಲ್ಲ. ಅವನು ತಿಳಿಯದ ಭಾಷೆಯಲ್ಲಿ, ಕಾಣದ ಕಂಪೆನಿಗೆ, ಅರಿಯದ ಕಾನೂನಿನ ಪ್ರಕಾರ ಪತ್ರ ಬರೆಯಬೇಕಾಗಿತ್ತು. ನಾಲ್ಕನೆಯ ಶಾಸನವು ಪ್ರತಿಯೊಂದು ಕಂಪೆನಿಯೂ ಇತರ ಸದಸ್ಯದೇಶಗಳಲ್ಲಿ ಒಬ್ಬೊಬ್ಬ ಪ್ರತಿನಿಧಿಯನ್ನು ನೇಮಿಸಬೇಕೆಂದಿತು. ಆ ಪ್ರತಿನಿಧಿಯು ಹಾನಿಗೊಂಡವನ ವಾಸದೇಶದ ಆಡಳಿತಭಾಷೆಯಲ್ಲಿಯೇ ವಿಚಾರಣೆ ನಡೆಸಲು ಶಕ್ತನಾಗಿರಬೇಕೆಂದಿತು. ಮೂರು ತಿಂಗಳೊಳಗೆ ಸಕಾರಣವಾದ ಉತ್ತರವು ಬಾರದಿದ್ದರೆ ತನ್ನ ದೇಶದ ಪರಿಹಾರಸಂಸ್ಥೆಯನ್ನು ಆಶ್ರಯಿಸುವ ಅವಕಾಶವನ್ನೂ ಕೊಟ್ಟಿತು. ನೊಂದವನ ಭಾಷೆಯನ್ನು ಹಣ ಕೊಡುವವನು ಕಲಿಯಬೇಕು, ಕೊಡುವವನ ಭಾಷೆಯನ್ನು ನೊಂದವನು ಕಲಿಯಬೇಕಾಗಿಲ್ಲ, ಎಂಬುದು ಇದರ ಫಲಿತಾರ್ಥ. ಎಣಿಕೆಯ ನೆಲೆಯು ಇಲ್ಲಿ ನಿಶ್ಚಯವಾಗಿ ಬದಲಾಗಿದೆ.

ಈ ಶಾಸನಗಳೆಲ್ಲವೂ ೨೦೦೯ರಲ್ಲಿ ಒಂದಾಗಿ ಕ್ರೋಡೀಕರಿಸಲ್ಪಟ್ಟು ೨೦೨೧ನೆಯ ನವೆಂಬರಿನಲ್ಲಿ ತಿದ್ದಲ್ಪಟ್ಟುವು. ವ್ಯಕ್ತಿಗಳ ಹಾನಿಗೆ ಒಬ್ಬರಿಗೆ ೧೩ ಲಕ್ಷ ಯೂರೋ ಅಥವಾ ಒಂದು ಅಪಘಾತಕ್ಕೆ ೬೪ ಲಕ್ಷ ೫೦ ಸಾವಿರ ಯೂರೋ ಕನಿಷ್ಠ ಮಿತಿಯಾಯಿತು. ವಿಮಾ ಕಂಪೆನಿಯೇ ದಿವಾಳಿಯಾದಾಗ ಹಾನಿಗೊಂಡವನಿಗೆ ಹಣ ಕೊಡತಕ್ಕ ಸಂಸ್ಥೆಯೂ ಏರ್ಪಟ್ಟಿತು. ೧೯೩೦ರ ಇಂಗ್ಲೆಂಡಿನಲ್ಲಿ ಯಜಮಾನನ ದಿವಾಳಿಯ ವಿರುದ್ಧ ಆರಂಭವಾದ ರಕ್ಷಣೆಯು ಹೀಗೆ ಕಂಪೆನಿಯ ದಿವಾಳಿಯವರೆಗೆ ವಿಸ್ತರಿಸಿತು.

೬

ಇಷ್ಟರಿಂದ ಉಪಸಂಹಾರದ ಪಕ್ಷವೇ ಗೆದ್ದಿತೆಂದು ಹೇಳಬಹುದೆ? ಪೂರ್ವಪಕ್ಷಕ್ಕೆ ಎರಡು ಯುಕ್ತಿಗಳುಂಟು.

ಮೊದಲನೆಯದು ನ್ಯಾಯಾಲಯದ ಒಂದು ಪ್ರಸಂಗದಿಂದ. ೨೦೦೭ರ ಆಗಸ್ಟಿನಲ್ಲಿ ಸ್ಲೊವೇನಿಯಾ ದೇಶದ ಒಂದು ಹೊಲಮನೆಯ ಅಂಗಳದಲ್ಲಿ ಹುಲ್ಲಿನ ಕಟ್ಟುಗಳನ್ನು ಅಟ್ಟಕ್ಕೇರಿಸುತ್ತಿದ್ದಾಗ, ಹಿಂದಕ್ಕೆ ಸರಿಯುತ್ತಿದ್ದ ಟ್ರ್ಯಾಕ್ಟರಿನ ಹಿಂಬಂಡಿಯು ಏಣಿಗೆ ತಗುಲಿ ಅದರ ಮೇಲಿದ್ದವನು ಬಿದ್ದನು. ಅದು ರಸ್ತೆಯಲ್ಲ, ಸಂಚಾರವೂ ಅಲ್ಲ. ಆದುದರಿಂದ ವಿಮೆ ಸಲ್ಲದೆಂದು ಅಲ್ಲಿಯ ನ್ಯಾಯಾಲಯಗಳು ಹೇಳಿದುವು. ೨೦೧೪ನೆಯ ಸೆಪ್ಟೆಂಬರ್ ೪ರಂದು ಯೂರೋಪು ಒಕ್ಕೂಟದ ನ್ಯಾಯಾಲಯವು ವಾಹನದ ಸಹಜವ್ಯಾಪಾರಕ್ಕೆ ಹೊಂದುವ ಯಾವ ಬಳಕೆಯೂ ವಿಮೆಯೊಳಗಿನದೆಂದು ನಿರ್ಣಯಿಸಿತು. ಇದು ಫಲವೆಂಬ ಲಿಂಗವನ್ನು ಹಿಡಿದು ಮಾಡಿದ ವ್ಯಾಖ್ಯಾನ. ಆದರೆ ೨೦೧೭ರಲ್ಲಿ ಅದೇ ನ್ಯಾಯಾಲಯವೂ ೨೦೨೧ರಲ್ಲಿ ಶಾಸನಕರ್ತರೂ ಅಪಘಾತದ ಸಮಯದಲ್ಲಿ ವಾಹನವು ಸಾರಿಗೆಯ ಸಾಧನವಾಗಿ ಬಳಕೆಯಲ್ಲಿರಬೇಕೆಂಬ ಮಿತಿಯನ್ನು ಹಾಕಿದರು. ಹಾನಿಯು ಒಂದೇ ಆಗಿದ್ದರೂ ಸಾರಿಗೆಯೆಂಬ ಉಪಕ್ರಮವು ಇಲ್ಲಿ ಮರಳಿ ತಲೆಯೆತ್ತಿದೆ.

ಎರಡನೆಯದು ಇನ್ನೂ ಗಂಭೀರವಾದುದು. ಬ್ರಿಟನ್ ಯೂರೋಪು ಒಕ್ಕೂಟದ ವ್ಯವಸ್ಥೆಯಿಂದ ೨೦೨೦ರ ಅಂತ್ಯದಲ್ಲಿ ಪೂರ್ಣವಾಗಿ ಹೊರಬಂದಿತು. ಅದು ಬ್ಯೂರೋಗಳ ಕೌನ್ಸಿಲಿನಲ್ಲಿ ಉಳಿದುದರಿಂದ ಹಸುರು ಪತ್ರದ ಮೂಲಪದ್ಧತಿಯು ಉಳಿಯಿತು. ಗಡಿಯಲ್ಲಿ ಪತ್ರ ತೋರಿಸಬೇಕೆಂಬ ನಿರ್ಬಂಧವೂ ೨೦೨೧ನೆಯ ಆಗಸ್ಟ್ ೨ರಿಂದ ತೊಲಗಿತು. ಎಂದರೆ ಗಾಡಿಯವನ ಸೌಕರ್ಯವು ಏಳು ತಿಂಗಳಲ್ಲಿ ಮರಳಿ ದೊರೆಯಿತು. ನಾಲ್ಕನೆಯ ಶಾಸನದಿಂದ ಗಾಯಾಳುವಿಗೆ ದೊರೆತಿದ್ದ ತನ್ನ ಭಾಷೆಯ ಪ್ರತಿನಿಧಿ ಮತ್ತು ತನ್ನ ದೇಶದ ಪರಿಹಾರಸಂಸ್ಥೆಯ ಆಶ್ರಯವಾದರೋ ಬ್ರಿಟನ್ನಿನ ನಿವಾಸಿಗೆ ತಪ್ಪಿಹೋಯಿತು. ಕಟ್ಟಡವು ಅಲುಗಿದಾಗ ಉಪಕ್ರಮದ ಕಲ್ಲು ನಿಂತಿತು, ಉಪಸಂಹಾರದ ಕಲ್ಲು ಬಿದ್ದಿತು.

ಈ ಯುಕ್ತಿಗಳನ್ನು ಅಲ್ಲಗಳೆಯಲಾಗದು. ಆದರೆ ಅವುಗಳಿಂದ ಸಿದ್ಧವಾಗುವುದು ಇಷ್ಟು: ಗಾಯಾಳುವಿನ ರಕ್ಷಣೆಯು ಈ ಗ್ರಂಥದ ತಾತ್ಪರ್ಯವಾಗಿ ಬೆಳೆದಿದ್ದರೂ ಅದರ ಆಧಾರವು ಇಂದಿಗೂ ಕೊಡುವವರ ಒಪ್ಪಂದವೇ. ತಾತ್ಪರ್ಯ ಬೇರೆ, ಆಧಾರ ಬೇರೆ. ಅಭ್ಯಾಸವೂ ಅಪೂರ್ವತೆಯೂ ಫಲವೂ ಉಪಸಂಹಾರದ ಪಕ್ಷದಲ್ಲಿ ನಿಲ್ಲುವುದರಿಂದ ತಾತ್ಪರ್ಯನಿರ್ಣಯದಲ್ಲಿ ಸಂದೇಹವಿಲ್ಲ. ಒಪ್ಪಂದವು ನಿಂತಷ್ಟು ದೂರ ಮಾತ್ರ ಆ ತಾತ್ಪರ್ಯವು ಫಲಿಸುವುದೆಂಬ ಎಚ್ಚರವು ಮಾತ್ರ ಓದುಗನಲ್ಲಿರಬೇಕು. ಹಸುರು ಪತ್ರದ ಮಾದರಿಯನ್ನು ಅನುಸರಿಸಿ ಅರಬ್ ದೇಶಗಳು ೧೯೭೫ರಲ್ಲಿ ಕಿತ್ತಳೆ ಪತ್ರವನ್ನೂ, ಪಶ್ಚಿಮ ಆಫ್ರಿಕದ ದೇಶಗಳು ೧೯೮೨ರಲ್ಲಿ ಕಂದು ಪತ್ರವನ್ನೂ ಏರ್ಪಡಿಸಿದಾಗಲೂ ಈ ಮಾತು ಸಲ್ಲುವುದು. ಹಸುರು ಪತ್ರವು ಈಗ ಬಿಳಿಯ ಕಾಗದದ ಮೇಲೆಯೂ ಅಚ್ಚಾಗುತ್ತಿದೆ. ೨೦೨೦ರ ಜುಲೈಯಿಂದ ಅದಕ್ಕೆ ಅನುಮತಿಯುಂಟು. ಬಣ್ಣ ಹೋದರೂ ಹೊಣೆ ಉಳಿದಿದೆ. ಹೊಣೆ ಹೋದರೆ ಬಣ್ಣದಿಂದ ಆಗುವುದೇನೂ ಇಲ್ಲ.

೭

ಈ ಶಬ್ದವಿಚಾರವು ಭಾರತಕ್ಕೂ ಸಂಬಂಧಿಸಿದುದು. ೧೯೩೯ರ ಮೋಟಾರು ವಾಹನ ಶಾಸನದ ವಿಮಾಪ್ರಕರಣವು ಇಂಗ್ಲೆಂಡಿನ ಶಾಸನಗಳನ್ನು ಅನುಸರಿಸಿ ರಚಿತವಾದುದು. ‘ತೃತೀಯ’ ಶಬ್ದವೂ ಅದರೊಡನೆಯೇ ಬಂದಿತು. ೧೯೮೮ರ ಶಾಸನವು ಅದನ್ನು ಉಳಿಸಿಕೊಂಡಿತು. ೨೦೧೯ರ ತಿದ್ದುಪಡಿಯು ಸಾರಿಗೆ ವಾಹನದ ಚಾಲಕನನ್ನೂ ಅವನ ಸಹೋದ್ಯೋಗಿಯನ್ನೂ ಆ ಶಬ್ದದೊಳಕ್ಕೆ ಸೇರಿಸಿತು. ಗಾಡಿಯನ್ನು ನಡೆಸುವವನೇ ‘ಮೂರನೆಯವನು’ ಎಂದಮೇಲೆ ಶಬ್ದದಲ್ಲಿ ಸಂಖ್ಯಾರ್ಥವು ಬಾಧಿತವಾಯಿತೆಂದೂ, ಲಕ್ಷಣೆಯಿಂದ ‘ಹಾನಿಗೊಂಡವನು’ ಎಂಬ ಅರ್ಥವೇ ಉಳಿಯಿತೆಂದೂ ತಿಳಿಯಬೇಕಾಗುವುದು. ಅನುಗ್ರಹವು ಸ್ವಾಗತಾರ್ಹ, ಹೆಸರು ಮಾತ್ರ ಹಳೆಯ ಕರಾರಿನದು.

ಕನ್ನಡದಲ್ಲಿ ಇದನ್ನು ‘ಮೂರನೇ ವ್ಯಕ್ತಿ’ ಎಂದು ಪತ್ರಿಕೆಗಳಲ್ಲಿಯೂ ವಿಮಾಪತ್ರಗಳಲ್ಲಿಯೂ ಬರೆಯುವ ವಾಡಿಕೆಯಿದೆ. ಮೂಲವನ್ನು ಬಲ್ಲವನಿಗೆ ಇದರಿಂದ ತೊಂದರೆಯಿಲ್ಲ. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸು ಪರಿಹಾರದ ಅರ್ಜಿಯಲ್ಲಿ ಈ ಮಾತನ್ನು ಓದಿದಾಗ, ಮೊದಲನೆಯವರು ಯಾರು, ಎರಡನೆಯವರು ಯಾರು, ಈ ಮೂರನೆಯವರು ಯಾರೋ ಹೊರಗಿನವರಿರಬೇಕೆಂದು ಭ್ರಮಿಸುವ ಸಂಭವವುಂಟು. ತನ್ನ ಮನೆಯ ಸಾವಿಗೆ ತಾನೇ ಹೊರಗಿನವಳೆಂಬ ಅರ್ಥವನ್ನು ಕೊಡುವ ಪರಿಭಾಷೆಯು ಸಾಧುವಾದ ಪರಿಭಾಷೆಯಲ್ಲ. ಫ್ರಾನ್ಸಿನವರು ೧೯೮೫ರ ಜುಲೈ ೫ರ ತಮ್ಮ ಶಾಸನದ ಹೆಸರಿನಲ್ಲಿಯೇ ರಸ್ತೆಯ ಅಪಘಾತಕ್ಕೆ ತುತ್ತಾದವರನ್ನು ಹೇಳಿ, ಅವರ ಸ್ಥಿತಿಯನ್ನು ಉತ್ತಮಗೊಳಿಸುವುದೇ ಶಾಸನದ ಉದ್ದೇಶವೆಂದು ಆರಂಭಿಸಿರುವರು. ಅಲ್ಲಿ ಉಪಕ್ರಮದಲ್ಲಿಯೇ ತಾತ್ಪರ್ಯವು ಪ್ರಕಟವಾಗಿರುವುದರಿಂದ ದೀಕ್ಷಿತರ ಪಕ್ಷದವರಿಗೂ ವಿಜಯೀಂದ್ರರ ಪಕ್ಷದವರಿಗೂ ಜಗಳವಿಲ್ಲ.

ಕನ್ನಡದ ಪರಿಭಾಷಾಕೋಶಗಳನ್ನು ಸಿದ್ಧಪಡಿಸುವವರು ‘ತೃತೀಯ’ ಎಂಬುದನ್ನು ಕರಾರಿನ ವಿವರಣೆಗೆ ಮಾತ್ರ ಉಳಿಸಿ, ಪರಿಹಾರವನ್ನು ಪಡೆಯತಕ್ಕವನ ವಿಷಯದಲ್ಲಿ ‘ಹಾನಿಗೊಂಡವನು’, ‘ಹಾನಿಗೊಂಡವಳು’ ಎಂಬ ಮಾತುಗಳನ್ನು ಬಳಸುವುದು ಯುಕ್ತ. ಚಿಕಿತ್ಸೆಯ ವೆಚ್ಚಕ್ಕೆ ಸಮುತ್ಥಾನವ್ಯಯವೆಂಬ ಹಳೆಯ ಶಬ್ದವನ್ನು ಕೋಶದಲ್ಲಿ ಸೇರಿಸಿದರೂ ದೋಷವಿಲ್ಲ. ಪರಿಹಾರದ ಅಳತೆ ಯಾವುದೆಂಬುದನ್ನು, ಬಿದ್ದವನು ಏಳುವವರೆಗೆ ಎಂದು, ಅದು ತಾನೇ ಹೇಳುತ್ತದೆ.